ಶ್ರೀನಿವಾಸಪುರಕ್ಕೆ ಹೋಗಿ ಬಂದುದು

ಕಳೆದ ಜ್ಯೇಷ್ಠಮಾಸದಲ್ಲಿ ನಾವು ಮೈಸೂರಿನಿಂದ ಹೊರಟು ಕೋಲಾರ ಜಿಲ್ಲೆಯ ಶ್ರೀನಿವಾಸಪುರಕ್ಕೆ ಹೋಗಿ ಬಂದೆವು. ಅದೇನೂ ಹೆಸರಾದ ಪುಣ್ಯಕ್ಷೇತ್ರವಲ್ಲ, ಗಿರಿಧಾಮವೂ ಅಲ್ಲ, ನೋಡಲೆಂದೇ ದೂರದಿಂದ ಜನರು ಬರತಕ್ಕ ಊರಲ್ಲ. ಆದರೆ ಅದರ ಸಮೀಪದ ಒಂದು ಹಳ್ಳಿಯಲ್ಲಿ ನಮ್ಮ ಅಕ್ಕನ ಮನೆಯಿದೆ. ಅಕ್ಕನಿಗೆ ಈಗ 78 ವರ್ಷ. ನಮ್ಮನ್ನು ಎತ್ತಿ ಆಡಿಸಿ, ಅಕ್ಷರ ತಿದ್ದಿಸಿದವಳು ಆಕೆಯೇ. ಎರಡು ವರ್ಷಗಳಿಂದ ಆಕೆಯ ನೆನಪು ಸಡಿಲವಾಗುತ್ತ ಬಂದಿದೆ. ನಮ್ಮ ತಾಯಿಗೂ ಕೊನೆಗಾಲದಲ್ಲಿ ಹೀಗೆಯೇ ಆಗಿತ್ತು. ತಾಯಿಯ ತಾಯಿಗೂ ಆಗಿತ್ತೆಂದು ಹಿರಿಯರು ಹೇಳುತ್ತಿದ್ದರು. ಅಕ್ಕನನ್ನು ಕಣ್ಣಾರೆ ನೋಡಬೇಕು, ಸಾಧ್ಯವಾದರೆ ಮೈಸೂರಿಗೆ ಕರೆತರಬೇಕು ಎಂಬ ಎರಡು ಉದ್ದೇಶಗಳನ್ನಿಟ್ಟುಕೊಂಡು ನಾವು ಹೊರಟದ್ದು.

ಬೆಂಗಳೂರಿನಿಂದ ಹೊಸಕೋಟೆಯ ಮಾರ್ಗವಾಗಿ ಕೋಲಾರವನ್ನು ಸೇರಿ, ಅಲ್ಲಿ ಸೋಮೇಶ್ವರನ ದರ್ಶನ ಮಾಡಿಕೊಂಡು, ಮಧ್ಯಾಹ್ನದ ಬಸ್ಸಿನಲ್ಲಿ ಶ್ರೀನಿವಾಸಪುರದ ಕಡೆಗೆ ತಿರುಗಿದೆವು. ದಾರಿಯ ಇಕ್ಕೆಲಗಳಲ್ಲಿಯೂ ಬಂಡೆಯ ಗುಡ್ಡಗಳು, ಕೆಮ್ಮಣ್ಣಿನ ಹೊಲಗಳು, ನಡುನಡುವೆ ಕೆರೆಗಳು. ವರ್ಷವಿಡೀ ಹರಿಯುವ ನದಿಯೊಂದೂ ಈ ಜಿಲ್ಲೆಗಿಲ್ಲ. ಪೂರ್ವಿಕರು ಕಟ್ಟಿಸಿದ ಕೆರೆಗಳೇ ಇಲ್ಲಿಯ ಜನರ ಜೀವ. ಬೆಂಗಳೂರಿನ ಕೊಳಚೆನೀರನ್ನು ಸಂಸ್ಕರಿಸಿ ಇಲ್ಲಿಯ ಕೆರೆಗಳಿಗೆ ಹರಿಸತಕ್ಕ ಯೋಜನೆ 2018ರಲ್ಲಿ ಕಾರ್ಯಗತವಾಯಿತು. ಶ್ರೀನಿವಾಸಪುರವನ್ನು ಸಮೀಪಿಸಿದಂತೆ ಗುಡ್ಡಗಳು ಹಿಂದೆ ಸರಿದು ಮಾವಿನ ತೋಪುಗಳು ಮುಂದೆ ಬಂದವು. ಬಾದಾಮಿ, ರಸಪುರಿ, ಬೇನಿಶಾ, ಮಲ್ಲಿಕಾ, ತೋತಾಪುರಿ! ಮಂಡಿಗಳ ಮುಂದೆ ಕಾಯಿ ತುಂಬಿದ ಟ್ರ್ಯಾಕ್ಟರುಗಳ ಸಾಲು. ಕನ್ನಡ ತೆಲುಗುಗಳೆರಡನ್ನೂ ಒಂದೇ ಉಸಿರಿನಲ್ಲಿ ಆಡುವ ವರ್ತಕರ ಗದ್ದಲ. ಎಲ್ಲೆಲ್ಲಿಯೂ ಹಣ್ಣಿನ ಪರಿಮಳ.

ಈ ಊರಿಗೆ ಮೊದಲು ಪಾಪನಪಲ್ಲಿ ಎಂದು ಹೆಸರಿತ್ತಂತೆ. ದಿವಾನ್ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನಿಟ್ಟು ಶ್ರೀನಿವಾಸಪುರವೆಂದು ಕರೆದರೆಂದು ಹೇಳುತ್ತಾರೆ. ಇಂದು ಬೀದಿಯಲ್ಲಿ ನಿಂತು ಪಾಪನಪಲ್ಲಿ ಎಲ್ಲಿ ಎಂದು ಕೇಳಿದರೆ ದಾರಿ ತೋರಿಸುವವರು ಸಿಕ್ಕುವುದು ಕಷ್ಟ.

ಹಳ್ಳಿಯನ್ನು ಮುಟ್ಟಿದಾಗ ಸಂಜೆಯಾಗಿತ್ತು. ಅಕ್ಕ ಜಗಲಿಯ ಮೇಲೆ ಕುಳಿತಿದ್ದಳು. ನಮ್ಮನ್ನು ಕಂಡೊಡನೆ ಮುಖವರಳಿ, "ಪುಟ್ಟೂ, ಈಗ ಬಂದೆಯೇನೋ? ಊಟವಾಯಿತೇ?" ಎಂದಳು. ಗುರುತು ಹಿಡಿದಳಲ್ಲಾ ಎಂದು ನಮ್ಮ ಎದೆ ತುಂಬಿ ಬಂತು. ಆದರೆ ಒಂದು ಗಳಿಗೆಯೊಳಗೆ ಅದೇ ಪ್ರಶ್ನೆ ಮತ್ತೆ ಬಂತು. ದೀಪ ಹಚ್ಚುವ ಹೊತ್ತಿಗೆ ಏಳೆಂಟು ಸಲ ಬಂತು. ನಮಗೆ ಮೂರನೆಯ ಸಲಕ್ಕೇ ಬೇಸರವಾಯಿತೆಂದು ಒಪ್ಪಿಕೊಳ್ಳಬೇಕು. ಅಕ್ಕನ ಸೊಸೆಯಾದರೋ ಪ್ರತಿ ಸಲವೂ ಹೊಸದಾಗಿ ಕೇಳಿದವಳಂತೆ, "ಇನ್ನೂ ಇಲ್ಲ ಅತ್ತೆ, ನೀವು ಬನ್ನಿ, ಒಟ್ಟಿಗೇ ಕೂರೋಣ" ಎನ್ನುತ್ತಿದ್ದಳು.

ಇಲ್ಲಿ ನಮ್ಮ ಒಂದು ತಪ್ಪನ್ನು ಹೇಳಬೇಕಾಗಿದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಪ್ರಶ್ನೆ ಕೇಳಿ ಕೇಳಿ ಅಭ್ಯಾಸವಾದ ನಾಲಗೆ ನಮ್ಮದು. ಹಿಂದಿನ ವರ್ಷ ಬಂದಾಗ ಅಕ್ಕನನ್ನು ಎದುರಿಗೆ ಕೂರಿಸಿಕೊಂಡು, "ಈ ದಿನ ಯಾವ ತಿಥಿ? ಮೊಮ್ಮಗನ ಹೆಸರೇನು?" ಎಂದು ಪರೀಕ್ಷೆಗೆ ತೊಡಗಿದ್ದೆವು. ಆಕೆ ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ತಿರುವುತ್ತಿದ್ದು, ಎದ್ದು ಒಳಗೆ ಹೋಗಿ ಅತ್ತಳು. ಮರೆವು ಬಂದವರಿಗೆ ಅವಮಾನವು ತಿಳಿಯದೆಂದು ನಾವು ಭಾವಿಸಿದ್ದುದು ಎಷ್ಟು ದೊಡ್ಡ ಅಜ್ಞಾನ! ಸಂಗತಿ ಮರೆತುಹೋದರೂ ಅದರ ನೋವು ಮನಸ್ಸಿನಲ್ಲಿ ಉಳಿಯುತ್ತದೆ.

"ಅರವತ್ತಕ್ಕೆ ಅರಳುಮರಳು" ಎಂಬ ಗಾದೆಯನ್ನು ನಾವೆಲ್ಲರೂ ಆಡುತ್ತೇವೆ. ಆದರೆ ಬುದ್ಧಿ ಮಸುಳುವುದು ವಯಸ್ಸಿನ ಸಹಜಧರ್ಮವಲ್ಲ, ಅದು ಮೆದುಳಿನ ವ್ಯಾಧಿ ಎಂಬುದು ಈಗ ನಿರ್ವಿವಾದ. 1906ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಆಲ್ಜ್‌ಹೈಮರ್ ಎಂಬವರು ವಿವರಿಸಿದ ರೋಗವೇ ಇದರ ಮುಖ್ಯ ಕಾರಣ. ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ನೂರಕ್ಕೆ ಸುಮಾರು 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಮರೆಗುಳಿತನವಿದೆಯೆಂದು 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯು ಅಂದಾಜು ಮಾಡಿದೆ.

ವಿಶೇಷವೇನೆಂದರೆ, ಈ ವಿಷಯದ ಒಂದು ದೊಡ್ಡ ಅನ್ವೇಷಣೆಗೆ ಈ ಶ್ರೀನಿವಾಸಪುರ ತಾಲ್ಲೂಕೇ ಕ್ಷೇತ್ರವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಇಲ್ಲಿಯ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಜನರನ್ನು ಸೇರಿಸಿಕೊಂಡು, ವರ್ಷ ವರ್ಷವೂ ಅವರನ್ನು ಗಮನಿಸತಕ್ಕ ಉದ್ದೇಶದಿಂದ ಕಾರ್ಯವನ್ನು ಕೈಗೊಂಡಿದ್ದಾರೆ. ರಕ್ತಪರೀಕ್ಷೆ, ಸ್ಮೃತಿಪರೀಕ್ಷೆ, ಮೆದುಳಿನ ಚಿತ್ರ, ವಂಶವಾಹಿಗಳ ಪರೀಕ್ಷೆ ಎಲ್ಲವೂ ಇದರಲ್ಲಿ ಸೇರಿವೆ. ಅಕ್ಷರ ಬಾರದ ರೈತಾಪಿ ಜನರೂ ಇದರಲ್ಲಿ ಪಾಲುಗೊಂಡಿದ್ದಾರೆ. ಮಾವಿಗೆ ಹೆಸರಾದ ಊರು ಮರೆವಿನ ಮದ್ದನ್ನು ಹುಡುಕುವುದಕ್ಕೂ ನೆರವಾಗಿರುವುದು ಸಂತೋಷದ ಸಂಗತಿ.

ರಾತ್ರಿ ಊಟವಾದ ಮೇಲೆ ಅಳಿಯನು ತನ್ನ ಭಯವನ್ನು ತೋಡಿಕೊಂಡನು. "ಮಾವ, ಅಜ್ಜಿಗೆ ಬಂತು, ಅಮ್ಮನಿಗೆ ಬಂತು. ನನಗೂ ನನ್ನ ಮಕ್ಕಳಿಗೂ ಬರುವುದೇ ಸರಿಯೇ? ರಕ್ತ ಕೊಟ್ಟು ವಂಶವಾಹಿ ನೋಡಿಸಿಬಿಡಲೇ?" ಎಂದನು. ಅವನ ಪ್ರಶ್ನೆ ನಮ್ಮದೂ ಆಗಿತ್ತು, ಏಕೆಂದರೆ ನಾವೂ ಅದೇ ತಾಯಿಯ ಮಕ್ಕಳು. ಮರುದಿನ ಅಕ್ಕನನ್ನು ನೋಡುವ ವೈದ್ಯರ ಬಳಿಗೆ ಇಬ್ಬರೂ ಹೋದೆವು. ಅವರು ಸಾವಧಾನವಾಗಿ ತಿಳಿಸಿದುದರ ಸಾರಾಂಶವಿದು: ಎಪಿಓಇ ಎಂಬ ವಂಶವಾಹಿಯಲ್ಲಿ 2, 3, 4 ಎಂದು ಮೂರು ಸಾಮಾನ್ಯ ಬಗೆಗಳುಂಟು. ನಾಲ್ಕನೆಯ ಬಗೆಗೂ ಈ ರೋಗಕ್ಕೂ ಸಂಬಂಧವಿದೆಯೆಂಬುದು 1993ರಲ್ಲಿ ಪ್ರಕಟವಾಯಿತು. ತಾಯ್ತಂದೆಗಳಲ್ಲಿ ಒಬ್ಬರಿಂದ ಅದು ಬಂದರೆ ಅಪಾಯ ಹೆಚ್ಚು. ಇಬ್ಬರಿಂದಲೂ ಬಂದರೆ ಮತ್ತೂ ಹೆಚ್ಚು. ಆದರೆ ಅದಿದ್ದೂ ಕೊನೆಯವರೆಗೆ ಚುರುಕಾಗಿದ್ದವರುಂಟು. ಅದಿಲ್ಲದೆಯೇ ಮರೆವಿಗೆ ತುತ್ತಾದವರೂ ಉಂಟು. ಬಂದರೆ ರೋಗವು ತಪ್ಪದೆಂಬಂಥ ಬೇರೆ ವಂಶವಾಹಿಗಳಿವೆಯಾದರೂ ಅವು ಅತಿ ವಿರಳ. ಅವುಗಳಿಂದ ರೋಗವು ಬಹುಮಟ್ಟಿಗೆ 65ಕ್ಕೆ ಮುಂಚೆಯೇ ತಲೆದೋರುತ್ತದೆ. "ನಿಮ್ಮ ಮನೆಯಲ್ಲಿ ಎಲ್ಲರಿಗೂ 75 ದಾಟಿದ ಮೇಲೆ ಬಂದಿದೆ. ಪರೀಕ್ಷೆಯ ಫಲ ಏನೇ ಬರಲಿ, ನಾನು ಹೇಳತಕ್ಕ ಪಥ್ಯ ಒಂದೇ" ಎಂದರು.

ಆ ಪಥ್ಯವಾವುದೆಂದರೆ: ರಕ್ತದೊತ್ತಡ, ಸಕ್ಕರೆ, ಕೊಬ್ಬು ಇವುಗಳನ್ನು ನಡುವಯಸ್ಸಿನಿಂದಲೇ ಹತೋಟಿಯಲ್ಲಿಡುವುದು, ಹೊಗೆಸೊಪ್ಪು ಮದ್ಯಗಳನ್ನು ಬಿಡುವುದು, ದಿನವೂ ನಡೆಯುವುದು, ಕಿವಿ ಕಣ್ಣುಗಳು ಮಂದವಾದರೆ ಒಡನೆ ಸರಿಪಡಿಸಿಕೊಳ್ಳುವುದು, ಒಂಟಿಯಾಗಿರದೆ ನಾಲ್ಕು ಜನರೊಡನೆ ಬೆರೆಯುವುದು. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞಮಂಡಲಿಯು ಇಂಥ 14 ಕಾರಣಗಳನ್ನು ಪಟ್ಟಿಮಾಡಿ, ಅವೆಲ್ಲವನ್ನೂ ಸರಿಪಡಿಸಿದರೆ ನೂರಕ್ಕೆ ಸುಮಾರು 45 ಪಾಲು ರೋಗವನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದೆಂದು ಹೇಳಿದೆ. ಫಿನ್ಲೆಂಡ್ ದೇಶದಲ್ಲಿ ಅಪಾಯವುಳ್ಳ 1,260 ವೃದ್ಧರ ಮೇಲೆ ಎರಡು ವರ್ಷ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಿತವಾದ ಆಹಾರ, ವ್ಯಾಯಾಮ, ಬುದ್ಧಿಗೆ ಕೆಲಸ, ರಕ್ತದೊತ್ತಡಾದಿಗಳ ತಪಾಸಣೆ ಇವು ನಾಲ್ಕನ್ನೂ ಒಟ್ಟಿಗೆ ನಡೆಸಿದವರ ಬುದ್ಧಿಶಕ್ತಿ ಇತರರದಕ್ಕಿಂತ ಉತ್ತಮವಾಗಿ ಉಳಿಯಿತು. ಅಳಿಯನು ಪರೀಕ್ಷೆಯ ವಿಚಾರವನ್ನು ಬಿಟ್ಟು, ಬೀಡಿಯನ್ನು ಬಿಡುವೆನೆಂದು ಅಲ್ಲಿಯೇ ಮಾತು ಕೊಟ್ಟನು.

ಇನ್ನು ಅಕ್ಕನ ಆಹಾರದ ವಿಚಾರ. ಒಂದು ವರ್ಷದಲ್ಲಿ ಆಕೆ ಆರು ಕಿಲೋ ಇಳಿದಿದ್ದಳು. ತಟ್ಟೆಯನ್ನು ಮುಂದಿಟ್ಟರೆ "ಈಗ ತಾನೇ ಉಂಡೆನಲ್ಲಾ" ಎಂದು ಏಳುತ್ತಿದ್ದಳು. ವೈದ್ಯರು ರಕ್ತವನ್ನು ಪರೀಕ್ಷಿಸಿದಾಗ ಬಿ12 ಎಂಬ ಜೀವಸತ್ವವು ಬಹಳ ಕಡಮೆಯಿತ್ತು. ನಮ್ಮಂಥ ಸಸ್ಯಾಹಾರಿಗಳಲ್ಲಿ, ಅದರಲ್ಲಿಯೂ ವೃದ್ಧರಲ್ಲಿ, ಇದು ಅಪರೂಪವಲ್ಲ. ಇದರ ಕೊರತೆಯೂ ಥೈರಾಯಿಡ್ ಗ್ರಂಥಿಯ ದೋಷವೂ ಮರೆವನ್ನು ಹೆಚ್ಚಿಸಬಲ್ಲವು. ಚುಚ್ಚುಮದ್ದು ಕೊಟ್ಟ ಮೇಲೆ ಅಕ್ಕನ ನಿಶ್ಶಕ್ತಿ ಕಡಮೆಯಾಯಿತು, ಮರೆವು ಹೋಗಲಿಲ್ಲ. ಮಿಕ್ಕುದನ್ನು ಸಾಧಿಸಿದವಳು ಸೊಸೆ. ಉಕ್ಕಿನ ತಟ್ಟೆಯಲ್ಲಿ ಬಿಳಿಯ ಮೊಸರನ್ನವು ಅತ್ತೆಯ ಕಣ್ಣಿಗೆ ಸರಿಯಾಗಿ ಕಾಣದೆಂದು ಕಂಡುಕೊಂಡು, ದಿನವೂ ಬಾಳೆಲೆಯಲ್ಲಿ ಬಡಿಸತೊಡಗಿದಳು. ಹಸುರಿನ ಮೇಲೆ ಅನ್ನವು ಎದ್ದು ಕಾಣುತ್ತದೆ. ಎಲೆಯ ಮುಂದೆ ಕುಳಿತೊಡನೆ ಉಣ್ಣಬೇಕೆಂಬುದು ಕೈಗೆ ತಾನಾಗಿ ನೆನಪಾಗುತ್ತದೆ. ಒಮ್ಮೆಗೆ ಒಂದೇ ಪದಾರ್ಥ. ದಿನಕ್ಕೆ ಐದು ಸಲ ಸ್ವಲ್ಪ ಸ್ವಲ್ಪ. ಎದುರಿಗೆ ಕುಳಿತು ತಾನೂ ಉಣ್ಣುವುದು. ಮುದ್ದೆಯನ್ನು ಅಗಿಯದೆ ನುಂಗುವುದು ವಾಡಿಕೆಯಷ್ಟೆ. ಗಂಟಲಿಗೆ ಸಿಕ್ಕೀತೆಂಬ ಭಯದಿಂದ ಅದರ ಬದಲು ರಾಗಿಯ ಗಂಜಿಗೆ ಹಾಲು ಬೆರೆಸಿ ಕೊಡುತ್ತಾಳೆ. ನುಣ್ಣಗೆ ಮಸೆದ ಸೊಪ್ಪು ಬೇಳೆ, ಮೊಸರು, ಪುಡಿಮಾಡಿದ ಕಡಲೆಕಾಯಿ, ನಡುನಡುವೆ ಮಜ್ಜಿಗೆ. ಒಂದೆಲಗದ ಚಟ್ನಿಯೂ ಇದೆ. ಅದು ರುಚಿಗಾಗಿ, ಔಷಧವೆಂದಲ್ಲ. ಆರು ತಿಂಗಳಲ್ಲಿ ಅಕ್ಕ ಎರಡು ಕಿಲೋ ಹೆಚ್ಚಿದ್ದಾಳೆ.

ಮೂರನೆಯ ದಿನ ಸಂಜೆ ಅಕ್ಕನೊಡನೆ ತೋಪಿಗೆ ಹೋದೆವು. ಮನೆಯಲ್ಲಿ ತಡವರಿಸುತ್ತಿದ್ದವಳು ಅಲ್ಲಿ ಮುಂದೆ ಮುಂದೆ ನಡೆದಳು. "ಇದು ನಿಮ್ಮ ಭಾವ ಕಸಿ ಕಟ್ಟಿದ್ದು. ಆ ವರ್ಷ ಮಳೆಯಿಲ್ಲ, ಬಿಂದಿಗೆಯಲ್ಲಿ ನೀರು ಹೊತ್ತೆ" ಎಂದು ಒಂದು ರಸಪುರಿಯ ಮರವನ್ನು ಮುಟ್ಟಿ ತೋರಿಸಿದಳು. ನಿನ್ನೆಯದು ಅಳಿಸಿದೆ, ಐವತ್ತು ವರ್ಷದ ಹಿಂದಿನದು ಬೇರುಬಿಟ್ಟು ನಿಂತಿದೆ. ಆಕೆಯನ್ನು ಮೈಸೂರಿಗೆ ಕರೆದೊಯ್ಯುವ ಮಾತು ನಮ್ಮ ಬಾಯಿಂದ ಹೊರಡಲಿಲ್ಲ. ಆ ನೆನಪುಗಳೆಲ್ಲ ಈ ಮರಗಳಲ್ಲಿವೆ. ಮರಗಳನ್ನು ಕಿತ್ತು ಒಯ್ಯುವುದೆಂತು?

ಹೊರಡುವ ಹಿಂದಿನ ರಾತ್ರಿ, ನಾವು ಪತ್ರಿಕೆಗಳಿಂದ ಬರೆದುಕೊಂಡಿದ್ದ ಸಲಹೆಗಳ ಪಟ್ಟಿಯನ್ನು ಸೊಸೆಯ ಮುಂದೆ ಓದತೊಡಗಿದೆವು. ಆಕೆ ಮರ್ಯಾದೆಯಿಂದ ಕೇಳಿ, ಕೊನೆಗೆ, "ಮಾವ, ಇದೆಲ್ಲ ಮಾಡುತ್ತಿದ್ದೇನೆ. ಅತ್ತೆ ರಾತ್ರಿ ಎರಡು ಗಂಟೆಗೆ ಎದ್ದು ಮನೆಗೆ ಹೋಗಬೇಕು ಎನ್ನುತ್ತಾರೆ. ನಾನು ಒಂದು ರಾತ್ರಿ ಪೂರ್ತಿ ಮಲಗಿ ವರ್ಷವಾಯಿತು" ಎಂದಳು. ಪಟ್ಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡೆವು. ಆ ರಾತ್ರಿ ಅಕ್ಕನ ಕೋಣೆಯಲ್ಲಿ ನಾವೇ ಮಲಗಿದೆವು. ಎರಡು ಗಂಟೆಗೆ ಆಕೆ ಎದ್ದು, "ಅಮ್ಮ ಕಾಯುತ್ತಿರುತ್ತಾಳೆ, ಮನೆಗೆ ಹೋಗೋಣ" ಎಂದಳು. ಅಮ್ಮನಿಲ್ಲವೆಂದು ನಾವು ತಿದ್ದಲಿಲ್ಲ. "ಅಮ್ಮ ಏನು ಮಾಡಿರುತ್ತಾಳೆ ಅಕ್ಕ?" ಎಂದು ಕೇಳಿದೆವು. ಹುರುಳಿಯ ಸಾರಿನಿಂದ ತೊಡಗಿ ನಾಗರಪಂಚಮಿಯ ತಂಬಿಟ್ಟಿನವರೆಗೆ ಹೇಳುತ್ತ ಹೇಳುತ್ತ ಆಕೆಗೆ ನಿದ್ದೆ ಹತ್ತಿತು.

ಹೊರಡಬೇಕಾದ ದಿನ ನಾವು ಹೊರಡಲಿಲ್ಲ, ಹದಿನೈದು ದಿನವಿದ್ದೆವು. ಎರಡು ತಿಂಗಳಿಗೊಮ್ಮೆ ಅಷ್ಟೇ ದಿನ ಬಂದಿರುವುದೆಂದೂ, ಆ ದಿನಗಳಲ್ಲಿ ಸೊಸೆಯು ತವರಿಗೆ ಹೋಗಿ ಬರುವುದೆಂದೂ ಗೊತ್ತುಮಾಡಿಕೊಂಡೆವು. ವಾಚಕ ಬಂಧುಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ನಿಮ್ಮ ಮನೆತನದಲ್ಲಿಯೂ ಇಂಥ ಹಿರಿಯರಿದ್ದರೆ, ಮೊದಲು ವೈದ್ಯರಿಗೆ ತೋರಿಸಿರಿ, ಪ್ರಶ್ನೆಗಳನ್ನು ಕೇಳಿ ನೋಯಿಸಬೇಡಿರಿ, ಎದುರಿಗೆ ಕುಳಿತು ಉಣಿಸಿರಿ, ಉಣಿಸುವ ಕೈಗೂ ವಿಶ್ರಾಂತಿ ಕೊಡಿರಿ.

ಬಸ್ಸು ಹತ್ತುವಾಗ ಅಕ್ಕ ಜಗಲಿಯಿಂದಲೇ ಕೂಗಿದಳು: "ಪುಟ್ಟೂ, ಊಟವಾಯಿತೇ?"

"ಆಯಿತು ಅಕ್ಕ, ನಿನ್ನ ಜೊತೆಯಲ್ಲಿಯೇ ಆಯಿತು" ಎಂದೆವು.