ಶ್ಯಾನನ್ ತೀರದ ಬಿಸಿ ಬಟ್ಟಲು

ಐರ್ಲೆಂಡಿನ ಪಶ್ಚಿಮದಲ್ಲಿ, ಲಿಮರಿಕ್ ನಗರದಿಂದ 20 ಮೈಲಿಗೆ ತುಸು ಮೇಲ್ಪಟ್ಟ ದೂರದಲ್ಲಿ, ಶ್ಯಾನನ್ ನದಿಯು ಕಡಲನ್ನು ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುವ ಎಡೆಯಲ್ಲಿ, ಫಾಯಿನ್ಸ್ ಎಂಬ ಚಿಕ್ಕ ಊರೊಂದಿದೆ. ಒಂದು ಬಂದರುಕಟ್ಟೆ, ಅದರ ಹಿಂದೆ ಒಂದು ಬೀದಿ, ಎದುರಿಗೆ ನೀರಿನಾಚೆ ಹಸುರು ದ್ವೀಪ. ಭೂಪಟದಲ್ಲಿ ಹುಡುಕಿ ತೆಗೆಯಬೇಕಾದ ಈ ಊರು ಒಮ್ಮೆ ಯೂರೋಪಿಗೂ ಅಮೆರಿಕಕ್ಕೂ ನಡುವಣ ಹೆಬ್ಬಾಗಿಲಾಗಿತ್ತೆಂದರೆ ನಂಬುವುದು ಕಷ್ಟ. ಇಂದು ಲೋಕದ ದೊಡ್ಡ ಹೋಟೆಲುಗಳಲ್ಲೆಲ್ಲ ಕೇಳಿಬರುವ ‘ಐರಿಷ್ ಕಾಫಿ’ ಹುಟ್ಟಿದುದೂ ಇಲ್ಲಿಯೇ.

ವಿಮಾನಗಳು ನೀರಿನ ಮೇಲಿಳಿಯುತ್ತಿದ್ದ ಕಾಲವದು. ಅಟ್ಲಾಂಟಿಕ್ ಸಾಗರವನ್ನು ದಾಟುವಷ್ಟು ಇಂಧನ ಹೊತ್ತ ಭಾರೀ ವಿಮಾನಕ್ಕೆ ಸಾಲುವಷ್ಟು ಉದ್ದದ ಗಟ್ಟಿ ಓಡುದಾರಿಗಳು ಆಗ ವಿರಳ. ನೀರಿಗಾದರೋ ಅಂಥ ಮಿತಿಯಿಲ್ಲ. 1937ರ ಜುಲೈನಲ್ಲಿ ಪರೀಕ್ಷಾ ಹಾರಾಟಗಳು ನಡೆದವು. 1939ರ ಜುಲೈ 9ರಂದು ಪ್ಯಾನ್ ಅಮೆರಿಕನ್ ಸಂಸ್ಥೆಯ ‘ಯಾಂಕಿ ಕ್ಲಿಪ್ಪರ್’ ಪ್ರಯಾಣಿಕರೊಡನೆ ಇಲ್ಲಿ ಬಂದಿಳಿಯಿತು. ಎರಡು ತಿಂಗಳು ಕಳೆಯುವುದರೊಳಗೆ ಮಹಾಯುದ್ಧವೂ ಬಂದಿತು. ತಟಸ್ಥ ಐರ್ಲೆಂಡಿನ ಈ ಮೂಲೆಯಲ್ಲಿ ರಾಯಭಾರಿಗಳು, ಸೈನ್ಯಾಧಿಕಾರಿಗಳು, ಮನೆಮಠ ತೊರೆದು ಹೊರಟ ಸಂಸಾರಗಳು ಒಂದೇ ದೋಣಿಯಲ್ಲಿ ಕುಳಿತು ದಡಕ್ಕೆ ಬರುತ್ತಿದ್ದರು.

ಇಲ್ಲಿಂದ ನ್ಯೂಫೌಂಡ್‌ಲೆಂಡಿನ ಬಾಟ್‌ವುಡ್ ಸುಮಾರು 2,000 ಮೈಲಿ. ಪಶ್ಚಿಮಕ್ಕೆ ಹೋಗುವಾಗ ಎದುರುಗಾಳಿ. ನಡುಗಡಲಿನ ಮೇಲೆ ಗಾಳಿ ಬಿರುಸಾದರೆ ಇಂಧನದ ಲೆಕ್ಕ ತಪ್ಪುತ್ತದೆ. ಆಗ ಕಪ್ತಾನನಿಗೆ ಉಳಿಯುವುದು ಒಂದೇ ವಿವೇಕ: ಹಿಂದಿರುಗುವುದು. ಗಂಟೆಗಟ್ಟಲೆ ಕತ್ತಲಲ್ಲಿ ಹಾರಿ, ಹೊರಟ ಸ್ಥಳಕ್ಕೇ ಮರಳಿ, ಚಳಿಯಲ್ಲಿ ನಡುಗುತ್ತ ದೋಣಿಗಿಳಿಯುವವರ ಮನಸ್ಸನ್ನು ವಾಚಕರು ಊಹಿಸಿಕೊಳ್ಳಬಹುದು.

1943ರ ಚಳಿಗಾಲದ ಇಂಥದೊಂದು ರಾತ್ರಿ ವಿಮಾನವು ಮರಳುತ್ತಿರುವ ಸುದ್ದಿ ಮೋರ್ಸ್ ಸಂಕೇತದಲ್ಲಿ ಬಂದಿತಂತೆ. ಮನೆ ಸೇರಿದ್ದ ನೌಕರರನ್ನು ಮತ್ತೆ ಕರೆಸಿದರು. ನಿಲ್ದಾಣದ ಉಪಾಹಾರಗೃಹವು ಬ್ರೆಂಡನ್ ಓರೀಗನ್ನನ ಆಡಳಿತದಲ್ಲಿತ್ತು. ಮುಖ್ಯ ಬಾಣಸಿಗನು ಟೈರೋನ್ ಪ್ರಾಂತದ ಜೋ ಶೆರಿಡನ್. ಬಂದವರಿಗೆ ಬರಿಯ ಕಾಫಿ ಸಾಲದೆಂದು ಅವನು ಅದರಲ್ಲಿ ಐರಿಷ್ ವಿಸ್ಕಿಯನ್ನು ಬೆರೆಸಿ, ಮೇಲೆ ಕೆನೆ ತೇಲಿಬಿಟ್ಟನು. ಇದು ಬ್ರೆಜಿಲ್ ದೇಶದ ಕಾಫಿಯೋ ಎಂದು ಪ್ರಯಾಣಿಕನೊಬ್ಬ ಕೇಳಲು, ಅಲ್ಲ, ಐರಿಷ್ ಕಾಫಿ ಎಂದು ಶೆರಿಡನ್ ನಕ್ಕನೆಂದು ಊರಿನವರು ಇಂದಿಗೂ ಹೇಳುತ್ತಾರೆ.

ಮದ್ಯದ ವಾಸನೆಯೂ ಸುಳಿಯದ ಮನೆಗಳು ನಮ್ಮಲ್ಲಿ ಬಹಳ. ಅವರಿಗೆ ಇದು ಕತೆಯಾಗಿಯೇ ರುಚಿಸಲಿ. ಮಾಡಿ ಬಡಿಸುವವರಿಗೆ ಮಾತ್ರ ವಿಧಾನ ತಿಳಿದಿರಬೇಕು. ಕಾಲುಳ್ಳ ಗಾಜಿನ ಬಟ್ಟಲನ್ನು ಬಿಸಿನೀರಿನಿಂದ ಬೆಚ್ಚಗೆ ಮಾಡಿ ನೀರನ್ನು ಚೆಲ್ಲಬೇಕು. ಒಂದೆರಡು ಸಣ್ಣ ಚಮಚ ಕಂದು ಸಕ್ಕರೆ, ಸುಮಾರು 120 ಮಿಲಿಲೀಟರ್ ಹಾಲಿಲ್ಲದ ಬಿಸಿ ಕಾಫಿ. ಸಕ್ಕರೆ ಪೂರ್ತಿಯಾಗಿ ಕರಗುವವರೆಗೆ ಕಲಕಿ, 40 ಮಿಲಿಲೀಟರಿನಷ್ಟು ವಿಸ್ಕಿ ಸೇರಿಸಬೇಕು. ಐರಿಷ್ ವಿಸ್ಕಿಯನ್ನು ಸಾಮಾನ್ಯವಾಗಿ ಮೂರು ಬಾರಿ ಬಟ್ಟಿಯಿಳಿಸುವುದರಿಂದ ಅದು ಮೃದು. ಕಾಫಿಯ ಕಂಪನ್ನು ಅದು ಅಡಗಿಸದು. ಕಾದ ಹಾಲಿನ ಮೇಲೆ ಕಟ್ಟುವ ನಮ್ಮ ಕೆನೆ ಇದಕ್ಕೆ ಒದಗದು. ಹಾಲಿನಿಂದ ಬೇರ್ಪಡಿಸಿದ ತಣ್ಣನೆಯ ಹಸಿ ಕೆನೆಯೇ ಬೇಕು. ಅದನ್ನು ಲಘುವಾಗಿ ಕಡೆದು, ಸುರಿಯುವಷ್ಟು ತೆಳುವಾಗಿರುವಾಗಲೇ, ಚಮಚದ ಬೆನ್ನಿನ ಮೇಲೆ ಮೆಲ್ಲನೆ ಇಳಿಬಿಡಬೇಕು.

ಸಕ್ಕರೆಯ ಕೆಲಸ ಬರಿಯ ಸಿಹಿಯಲ್ಲ. ವಿಸ್ಕಿಯು ಪಾನೀಯವನ್ನು ಹಗುರಾಗಿಸುತ್ತದೆ. ಕರಗಿದ ಸಕ್ಕರೆ ಭಾರವನ್ನು ಮರಳಿ ಕೊಟ್ಟು ಕೆನೆಯನ್ನು ಎತ್ತಿಹಿಡಿಯುತ್ತದೆ. ಕೆನೆ ಕೂತ ಮೇಲೆ ಕಲಕಬಾರದು. ತಣ್ಣನೆಯ ಕೆನೆಯ ಮೂಲಕ ಬಿಸಿ ಕಾಫಿಯನ್ನು ಹೀರುವುದರಲ್ಲಿಯೇ ಇದರ ಸ್ವಾರಸ್ಯವಿದೆ.

ಇಷ್ಟು ಸರಳವಾದುದನ್ನು ಅನುಕರಿಸುವುದು ಸುಲಭವಾಗಲಿಲ್ಲ. 1952ರ ನವೆಂಬರ್ 10ರಂದು ಸಾನ್ ಫ್ರಾನ್ಸಿಸ್ಕೊ ನಗರದ ಬ್ಯೂನಾ ವಿಸ್ತಾ ಕೆಫೆಯಲ್ಲಿ ಮಾಲೀಕ ಜ್ಯಾಕ್ ಕೆಪ್ಲರ್ ಮತ್ತು ಪತ್ರಿಕೆಯ ಪ್ರವಾಸಲೇಖಕ ಸ್ಟ್ಯಾಂಟನ್ ಡೆಲಪ್ಲೇನ್ ರಾತ್ರಿಯೆಲ್ಲ ಪ್ರಯತ್ನಿಸಿದರು. ಕೆನೆ ಮತ್ತೆ ಮತ್ತೆ ಮುಳುಗಿತು. ಮುಂದೆ ಆ ನಗರದ ಮೇಯರ್ ಆದ, ಹಾಲಿನ ಡೈರಿಯ ಒಡೆಯ ಜಾರ್ಜ್ ಕ್ರಿಸ್ಟೋಫರ್, 48 ಗಂಟೆ ಇರಿಸಿದ ಕೆನೆಯನ್ನು ಕಡೆದು ನೋಡಿರೆಂದನಂತೆ. ಕೆನೆ ತೇಲಿತು; ಕೀರ್ತಿಯೂ ಅಲ್ಲಿಗೆ ಹೋಯಿತು. ಶೆರಿಡನ್ನನೂ ಸಾಗರ ದಾಟಿ ಅದೇ ಕೆಫೆಗೆ ಕೆಲಸಕ್ಕೆ ಸೇರಿದನು. 1962ರಲ್ಲಿ ತೀರಿಕೊಂಡ ಅವನ ಸಮಾಧಿ ಓಕ್‌ಲೆಂಡಿನಲ್ಲಿದೆ, ತಾಯ್ನಾಡಿನಿಂದ ಅಷ್ಟು ದೂರದಲ್ಲಿ.

ಫಾಯಿನ್ಸಿನ ಭಾಗ್ಯವಾದರೂ ಅಲ್ಪಕಾಲದ್ದು. ಆಚೆ ದಡದಲ್ಲಿ ನೆಲದ ವಿಮಾನ ನಿಲ್ದಾಣವೆದ್ದಿತು. 1945ರ ಅಕ್ಟೋಬರಿನಲ್ಲಿ ಕೊನೆಯ ಜಲವಿಮಾನ ಹೊರಟುಹೋಯಿತು. ಹಳೆಯ ನಿಲ್ದಾಣದ ಕಟ್ಟಡದಲ್ಲಿ 1989ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ನಾಲ್ಕು ಎಂಜಿನುಗಳ ಬೋಯಿಂಗ್ 314 ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯೊಂದು ಅಲ್ಲಿದೆ. ಅದರೊಳಗೆ ನಿಂತರೆ, ಗೋಡೆಗಳ ಆಚೆ ಬರಿಯ ಕತ್ತಲೆ ಮತ್ತು ಕಡಲು ಇದ್ದ ರಾತ್ರಿಗಳ ಕಲ್ಪನೆ ಮೂಡುತ್ತದೆ.

ಔತಣದ ಪಾನೀಯಗಳು ಗೆದ್ದವರಿಗಾಗಿ, ಸೇರಿದವರಿಗಾಗಿ ಹುಟ್ಟುತ್ತವೆ. ಇದು ಹುಟ್ಟಿದುದು ತಲುಪದೆ ಮರಳಿದವರಿಗಾಗಿ. ಶೆರಿಡನ್ನನಿಗೆ ಗಾಳಿಯನ್ನು ತಿರುಗಿಸುವ ಶಕ್ತಿಯಿರಲಿಲ್ಲ, ಯುದ್ಧವನ್ನು ನಿಲ್ಲಿಸುವ ಅಧಿಕಾರವಿರಲಿಲ್ಲ. ಕೈಲಿದ್ದ ಕಾಫಿಯನ್ನು ಇನ್ನಷ್ಟು ಬೆಚ್ಚಗೆ ಮಾಡಿಕೊಡಬಲ್ಲವನಾಗಿದ್ದ. ಅಪರಿಚಿತರಿಗೆ ಅವನು ಅದನ್ನು ಮಾಡಿಕೊಟ್ಟನು. ಆತಿಥ್ಯವೆಂಬುದು ಬಹುಶಃ ಇದಕ್ಕಿಂತ ದೊಡ್ಡದೇನೂ ಅಲ್ಲ, ಚಿಕ್ಕದೂ ಅಲ್ಲ.