ನಿಂತಾಗ ಹತ್ತುವ ದೀಪ

ಯಂತ್ರಗಳ ವಿಷಯದಲ್ಲಿ ನನಗೆ ಭಕ್ತಿಯೂ ಇಲ್ಲ, ದ್ವೇಷವೂ ಇಲ್ಲ. ಇರುವುದು ಒಂದು ಬಗೆಯ ಸಂಕೋಚ. ಪರಿಚಯವಿಲ್ಲದ ದೊಡ್ಡಮನುಷ್ಯರ ಮನೆಗೆ ಹೋದಾಗ ಎಲ್ಲಿ ಕೂರಬೇಕು, ಏನು ಮಾತನಾಡಬೇಕು ಎಂದು ತಿಳಿಯದೆ ಗೋಡೆಯ ಮೇಲಿನ ಪಟಗಳನ್ನು ನೋಡುತ್ತ ನಿಲ್ಲುತ್ತೇವಲ್ಲ, ಅಂಥದು. ‘ಎಣ್ಣೆಯೊತ್ತಡ’ ಎಂಬ ಮಾತನ್ನು ಕೊಟ್ಟರೆ ಎಣ್ಣೆ, ಒತ್ತಡ ಎಂದು ಬಿಡಿಸಿ, ನಡುವೆ ಯಕಾರ ಬಂದಿರುವುದರಿಂದ ಇದು ಆಗಮಸಂಧಿ ಎಂದು ಕರಿಹಲಗೆಯ ಮೇಲೆ ಬರೆಯಬಲ್ಲೆ. ಸಂಬಳ ಬರುತ್ತಿರುವುದೂ ಅದಕ್ಕೇ. ಆದರೆ ಆ ಒತ್ತಡ ಎಂಜಿನ್ನಿನೊಳಗೆ ಎಲ್ಲಿ ಹುಟ್ಟುತ್ತದೆ, ಎಲ್ಲಿ ಸೋರಿಹೋಗುತ್ತದೆ ಎಂಬುದನ್ನು ಕಲಿಯಲು ನಾನು ಹುಣಸೂರಿನಿಂದ ಹೊರಟು ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ಎಂದು ನಾಲ್ಕು ತಾಲ್ಲೂಕುಗಳನ್ನು ಸುತ್ತಬೇಕಾಯಿತು.

ಕಾರು ನನ್ನ ಸೋದರಮಾವನದು. ಅವರು ಹೋದ ಮೇಲೆ ಅತ್ತೆ ಅದರ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, “ಮಾರಬೇಡ, ನಿಲ್ಲಿಸಲೂ ಬೇಡ” ಎಂದಿದ್ದರು. ಅದು ಸ್ಟ್ಯಾಂಡರ್ಡ್ ಹೆರಾಲ್ಡ್. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಎಂಬ ಮನೆತನದ ಹೆಸರಿನಿಂದ ಹುಟ್ಟಿದ ಈ ಗಾಡಿಯನ್ನು 1961ರಿಂದ ಮದರಾಸಿನಲ್ಲಿ ತಯಾರಿಸತೊಡಗಿದರು. ರೂಪ ಕೊಟ್ಟವನು ಇಟಲಿಯ ಮಿಕೆಲೋಟಿ. 1962ರಲ್ಲಿ ಇದೇ ಚೌಕಟ್ಟನ್ನು ಮೋಟು ಮಾಡಿ, ಇದೇ ವಂಶದ ಎಂಜಿನ್ನನ್ನು ಇನ್ನಷ್ಟು ಹುರುಪುಗೊಳಿಸಿ, ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಪಂದ್ಯದ ಕಾರನ್ನು ಮಾಡಿದರಂತೆ. ಮಾವನಿಗೆ ಈ ನೆಂಟಸ್ತಿಕೆಯ ಬಗ್ಗೆ ಬಹಳ ಹೆಮ್ಮೆ. “ನಮ್ಮದು ಬಡ ಅಣ್ಣ ಕಣೋ, ಆದರೆ ರಕ್ತ ಒಂದೇ” ಎನ್ನುತ್ತಿದ್ದರು. ನಮ್ಮ ಬಡ ಅಣ್ಣನ ಎಂಜಿನ್ನು 948 ಸಿ.ಸಿ.ಯದು. ಆದರೂ ಕಟ್ಟೆಮಳಲವಾಡಿಯ ಕಡೆಯ ಇಳಿಜಾರಿನಲ್ಲಿ ಮಾವ ಅದನ್ನು ಬಿಟ್ಟರೆಂದರೆ, ಹಿಂದೆ ಕುಳಿತ ನಮಗೆ ನಾವೆಲ್ಲ ಪಂದ್ಯದಲ್ಲಿದ್ದೇವೆ ಎಂದೇ ಭ್ರಮೆಯಾಗುತ್ತಿತ್ತು.

ರೋಗ ಕಾಣಿಸಿಕೊಂಡದ್ದು ಹುಣಸೂರಿನಲ್ಲಿ, ಲಕ್ಷ್ಮಣತೀರ್ಥದ ಸೇತುವೆಯ ಬಳಿ. ತಂಬಾಕಿನ ಹರಾಜಿನ ಕಾಲ. ಬೇಲುಗಳನ್ನು ಹೇರಿಕೊಂಡ ಗಾಡಿಗಳು ಒಂದರ ಹಿಂದೆ ಒಂದು ನಿಂತಿದ್ದವು. ಅವುಗಳ ಹಿಂದೆ ನಾನು. ಬೆಳಗಿನಿಂದ ಓಡಿ ಎಂಜಿನ್ನು ಚೆನ್ನಾಗಿ ಕಾದಿತ್ತು. ಅದು ನಿಂತಲ್ಲೇ ಮೆಲ್ಲಗೆ ಗೊಣಗುತ್ತಿರುವಾಗ ಮುಂದಿನ ಹಲಗೆಯ ಮೇಲೆ ಒಂದು ಪುಟ್ಟ ದೀಪ ಮಿಣುಕಿತು. ಕಾಲಿನಿಂದ ಸ್ವಲ್ಪ ಒತ್ತಿದೆ, ಆರಿತು. ಕಾಲು ತೆಗೆದೆ, ಮತ್ತೆ ಹತ್ತಿತು. ದಾರಿ ಬಿಟ್ಟಿತು, ಹೊರಟೆ. ಮನೆ ಮುಟ್ಟುವವರೆಗೆ ಅದು ಮತ್ತೆ ಕಾಣಿಸಲಿಲ್ಲ. ಓಡುವಾಗ ಸುಮ್ಮನಿದ್ದು ನಿಂತಾಗ ಮಾತ್ರ ಕಾಡುವ ರೋಗ ಎಂಥದು ಎಂದು ಯೋಚಿಸುತ್ತ ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಹುಣಸೂರಿನ ಒಂದು ಗ್ಯಾರೇಜಿನಲ್ಲಿ ಹುಡುಗನೊಬ್ಬ ಐದು ನಿಮಿಷ ಕಿವಿಗೊಟ್ಟು, “ಸಾರ್, ಬೇರಿಂಗ್ ಹೋಗಿದೆ. ಇಂಜಿನ್ ಪೂರ್ತಿ ಇಳಿಸಬೇಕು” ಎಂದ. ಅವನು ಹೇಳಿದ ಮೊತ್ತ ಮನೆಯಲ್ಲಿ ಬಾಯಿಬಿಟ್ಟು ಹೇಳುವಂಥದಲ್ಲ. ಎರಡನೆಯ ವೈದ್ಯರ ಅಭಿಪ್ರಾಯ ಕೇಳೋಣವೆಂದು ಪಿರಿಯಾಪಟ್ಟಣಕ್ಕೆ ಹೋದೆ. ಅಲ್ಲಿಯವರು, “ಬೇರಿಂಗ್ ಅಲ್ಲ, ಎಣ್ಣೆ ಪಂಪು ಸವೆದಿದೆ. ಈ ಗಾಡಿಗೆ ಈಗ ಎಲ್ಲಿ ತರ್ತೀರಿ?” ಎಂದರು. ಪಕ್ಕದಲ್ಲಿ ಚಹ ಕುಡಿಯುತ್ತಿದ್ದ ಮೂರನೆಯವನೊಬ್ಬ ನನ್ನ ಮುಖ ನೋಡಿ ಮರುಗಿ, “ಅದಕ್ಯಾಕೆ ಸಾರ್ ಅಷ್ಟು ತಲೆ ಕೆಡಿಸ್ಕೋತೀರಿ? ಆ ದೀಪದ ತಂತಿ ಕಿತ್ತುಬಿಡಿ. ಹಳೇ ಗಾಡಿ, ಓಡುವಷ್ಟು ದಿನ ಓಡುತ್ತೆ” ಎಂದ.

ಓದುಗರಲ್ಲಿ ನಾನು ಮುಚ್ಚಿಡುವುದಿಲ್ಲ. ಮೂರು ಸಲಹೆಗಳಲ್ಲಿ ಖರ್ಚಿಲ್ಲದ್ದು ಇದೊಂದೇ. ಮನೆಗೆ ಬಂದು, ಯಾರೂ ಇಲ್ಲದ ಹೊತ್ತಿನಲ್ಲಿ ಬಾನೆಟ್ಟು ಎತ್ತಿ, ಎಂಜಿನ್ನಿನ ಪಕ್ಕದಲ್ಲಿ ಗುಂಡಿಯಂತಿರುವ ಆ ಸ್ವಿಚ್ಚಿನಿಂದ ತಂತಿಯನ್ನು ಕಿತ್ತೆ. ದೀಪ ಹತ್ತುವುದು ನಿಂತಿತು. ಕಾರು ಗುಣವಾಯಿತೋ ಎಂಬಷ್ಟು ನೆಮ್ಮದಿ ನನಗೆ.

ಆ ವಾರವೇ ಅತ್ತೆಯನ್ನು ಮೈಸೂರಿಗೆ ಕರೆದೊಯ್ಯಬೇಕಿತ್ತು. ಅವರಿರುವುದು ಹೆಗ್ಗಡದೇವನಕೋಟೆಯಲ್ಲಿ. ಒಂದು ಕಣ್ಣಿನ ಪೊರೆ ತೆಗೆಸಿಯಾಗಿತ್ತು, ಇನ್ನೊಂದರದು ಬಾಕಿ. ಬೆಳಿಗ್ಗೆ ಅವರು ಫ್ಲಾಸ್ಕು, ಕೈಚೀಲ, ಹಳೆಯ ಚೀಟಿಗಳ ಕಟ್ಟು ಎಲ್ಲವನ್ನೂ ಹಿಡಿದುಕೊಂಡು ನನ್ನ ಪಕ್ಕದಲ್ಲಿ ಕುಳಿತರು. ನಾನು ಬೀಗದ ಕೈ ತಿರುಗಿಸಿದೆ.

“ಯಾಕಪ್ಪಾ, ಆ ದೀಪ ಹತ್ತಲಿಲ್ಲ?” ಎಂದರು.

“ಯಾವ ದೀಪ ಅತ್ತೆ?”

“ಎಣ್ಣೆದು. ನಿಮ್ಮ ಮಾವ ಕೀ ತಿರುಗಿಸಿ ಒಂದು ಗಳಿಗೆ ಕೂರೋರು. ಮೊದಲು ಹತ್ತಬೇಕು, ಇಂಜಿನ್ ಎದ್ದ ಮೇಲೆ ಆರಬೇಕು, ಆಮೇಲೆ ಹೊರಡಬೇಕು ಅನ್ನೋರು. ಹತ್ತದೇ ಇರೋ ದೀಪ ಆರಿದೆ ಅಂತ ಹೇಗೆ ಹೇಳ್ತೀ?”

ಇದು ಅವರಿಗೆ ಕಂಡದ್ದು ಒಂದೇ ಕಣ್ಣಿನಲ್ಲಿ. ನಾನು ಹಲಗೆಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸುತ್ತ, “ಬಲ್ಬು ಹೋಗಿರಬೇಕು ಅತ್ತೆ” ಎಂದೆ.

“ಹಾಗಾದರೆ ಹಾಕಿಸಿಕೊಂಡು ಬಾ. ಇವತ್ತು ಬಸ್ಸಿನಲ್ಲಿ ಹೋಗೋಣ” ಎಂದು ಅವರು ಇಳಿದೇಬಿಟ್ಟರು.

ಮೈಸೂರಿನವರೆಗೆ ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕುಳಿತು ಸುಖವಾಗಿ ನಿದ್ದೆ ಮಾಡಿದರು. ನಾನು ಕಂಬಿ ಹಿಡಿದು ನಿಂತಿದ್ದೆ. ಎಪ್ಪತ್ತು ದಾಟಿದ ಹೆಂಗಸನ್ನು ನಾನು ಕೂರಿಸಲು ಹೊರಟಿದ್ದ ಗಾಡಿಯಲ್ಲಿ ಏನಾದರೂ ಆಗಿದ್ದರೆ ಅದನ್ನು ಹೇಳಬಲ್ಲ ಒಂದೇ ಒಂದು ಬಾಯನ್ನು ನಾನೇ ಕಟ್ಟಿದ್ದೆ. ಅದರ ಮೇಲೆ ಒಂದು ಸುಳ್ಳನ್ನೂ ಹೇಳಿದ್ದೆ. ಸಂಜೆ ಅವರನ್ನು ಮನೆಗೆ ಮುಟ್ಟಿಸಿ, ಬ್ಯಾಟರಿ ಬೆಳಕಿನಲ್ಲಿ ತಂತಿಯನ್ನು ಮತ್ತೆ ಸಿಕ್ಕಿಸಿ, ದೀಪ ಮಿಣುಕಿದಾಗಲೆಲ್ಲ ಎದೆ ಹಿಡಿದುಕೊಂಡು, ನಿಧಾನವಾಗಿ ಹುಣಸೂರಿಗೆ ಬಂದೆ.

ನನ್ನ ತರಗತಿಯಲ್ಲಿ ಕೃಷ್ಣರಾಜನಗರದ ಹುಡುಗನೊಬ್ಬನಿದ್ದಾನೆ. ವ್ಯಾಕರಣದಲ್ಲಿ ಅವನಿಗೂ ನನಗೂ ಅಷ್ಟಕ್ಕಷ್ಟೆ. ನನ್ನ ಕಷ್ಟ ಹೇಗೋ ಅವನ ಕಿವಿಗೆ ಬಿದ್ದು, “ನಮ್ಮ ತಾತ ನೋಡ್ತಾರೆ ಸಾರ್. ಅಕ್ಕಿ ಗಿರಣಿ ಇಂಜಿನ್ ರಿಪೇರಿ ಮಾಡ್ತಿದ್ದರು” ಎಂದ. ಭಾನುವಾರ ಹೋದೆ. ಗದ್ದೆಯ ಬದಿಯ ಮನೆ. ಅಂಗಳದಲ್ಲಿ ತೆಂಗಿನ ಗರಿಯ ನೆರಳಿನಲ್ಲಿ ತಾತ ಕುಳಿತಿದ್ದರು. ಹೆರಾಲ್ಡಿನ ಬಾನೆಟ್ಟು ಚಕ್ರದ ಮೇಲಿನ ರೆಕ್ಕೆಗಳ ಸಮೇತ ಒಟ್ಟಿಗೆ ಮುಂದಕ್ಕೆ ಮಗುಚುತ್ತದೆ. ಎಂಜಿನ್ನು ಇಡಿಯಾಗಿ ಬಯಲಾದಾಗ ಅವರು ಬಂದು ಮುಂದಿನ ಟಯರಿನ ಮೇಲೆಯೇ ಆರಾಮವಾಗಿ ಕುಳಿತು, ಮೊದಲು ಮಾತಿಗೆ ತೊಡಗಿದರು.

“ಎಷ್ಟು ದಿನಕ್ಕೊಂದು ಸಲ ಎಣ್ಣೆ ಹಾಕ್ತೀರಿ ಮೇಷ್ಟ್ರೇ?”

ನಾನು ಉಬ್ಬಿ, “ಮೊದಲೆಲ್ಲ ತಿಂಗಳಿಗೆ ಸ್ವಲ್ಪ ಹಾಕಬೇಕಿತ್ತು ಯಜಮಾನರೇ. ಈಗ ಎರಡು ತಿಂಗಳಿಂದ ಒಂದು ತೊಟ್ಟೂ ಇಳಿದಿಲ್ಲ” ಎಂದೆ.

ಅವರು ನನ್ನನ್ನೇ ನೋಡಿದರು. “ಮುದಿ ಇಂಜಿನ್ನು ಎಣ್ಣೆ ಕುಡಿಯೋದು ಬಿಟ್ಟಿದೆ ಅಂದ್ರೆ ಸಂತೋಷ ಪಡಬಾರದು. ಬೇರೆ ಏನೋ ಕುಡೀತಾ ಇದೆ.” ಎಣ್ಣೆ ನೋಡುವ ಕಡ್ಡಿಯನ್ನು ಎಳೆದರು. ಎಣ್ಣೆ ಇರಬೇಕಾದ ಗೆರೆಗಿಂತ ಮೇಲಿತ್ತು. ಬೆರಳಿಗೆ ಸವರಿ ಉಜ್ಜಿದರು, ಮೂಸಿದರು, ನನ್ನ ಮೂಗಿನ ಹತ್ತಿರವೂ ಹಿಡಿದರು. ಪೆಟ್ರೋಲಿನ ವಾಸನೆ ಘಮ್ಮೆಂದು ಹೊಡೆಯಿತು. ತಕ್ಷಣ ತಿರುಗಿ, ಬೇಲಿಯಾಚೆ ಬೀಡಿ ಸೇದುತ್ತ ನಿಂತಿದ್ದವನನ್ನು ದೂರ ಅಟ್ಟಿದರು.

ಕಾರಣ ಅವರ ಬಾಯಿಂದಲೇ ತಿಳಿಯಿತು. ಈ ಕಾರಿನಲ್ಲಿ ಪೆಟ್ರೋಲನ್ನು ಟ್ಯಾಂಕಿನಿಂದ ಎಳೆದು ಕಾರ್ಬುರೇಟರಿಗೆ ಕಳಿಸುವ ಪುಟ್ಟ ಪಂಪು ಎಂಜಿನ್ನಿನ ಮೈಗೇ ಅಂಟಿಕೊಂಡಿದೆ. ಅದರ ಹೊಟ್ಟೆಯಲ್ಲಿ ತಮಟೆಯ ಚರ್ಮದಂತೆ ಬಿಗಿದ ಒಂದು ಪೊರೆ ಇರುತ್ತದೆ. ಅದು ಮೇಲೆ ಕೆಳಗೆ ಆಡುವುದರಿಂದಲೇ ಪೆಟ್ರೋಲು ಬರುವುದು. ಆ ಪೊರೆ ಹರಿದರೆ ಪೆಟ್ರೋಲು ಹನಿಹನಿಯಾಗಿ ಕೆಳಗಿನ ಎಣ್ಣೆಯೊಳಕ್ಕೆ ಇಳಿಯುತ್ತದೆ. ಎಣ್ಣೆ ನೀರಾಗುತ್ತದೆ. ನೀರಾದ ಎಣ್ಣೆ ಬೇರಿಂಗುಗಳ ಸಂದಿನಲ್ಲಿ ನಿಲ್ಲದೆ ಜಾರಿಹೋಗುತ್ತದೆ.

“ಹಾಗಾದರೆ ಓಡುವಾಗ ದೀಪ ಯಾಕೆ ಹತ್ತುವುದಿಲ್ಲ?” ಎಂದು ಕೇಳಿದೆ.

ಅವರು ಗದ್ದೆಯ ಕಡೆ ಕೈ ತೋರಿಸಿದರು. “ಕಾಲುವೆ ತುಂಬ ನೀರು ಬಿಟ್ಟಾಗ ಬದುವಿನಲ್ಲಿ ಎಷ್ಟು ಏಡಿಬಿಲ ಇದ್ದರೂ ಕೊನೇ ಗದ್ದೆಗೆ ನೀರು ಮುಟ್ಟುತ್ತೆ. ಯಾರಿಗೂ ತೂತು ಕಾಣಲ್ಲ. ನೀರು ಕಮ್ಮಿ ಮಾಡಿ ನೋಡಿ, ಆಗ ಎಲ್ಲ ಬಿಲದಲ್ಲೇ ಹೋಗುತ್ತೆ. ಜೋರಾಗಿ ಓಡುವಾಗ ಪಂಪೂ ಜೋರಾಗಿ ಎಣ್ಣೆ ದಬ್ಬುತ್ತೆ. ಹೆಚ್ಚಾದದ್ದು ಒಂದು ಸ್ಪ್ರಿಂಗಿನ ಬಾಗಿಲು ತಳ್ಳಿಕೊಂಡು ವಾಪಸು ತೊಟ್ಟಿಗೆ ಬೀಳುತ್ತೆ. ಅದಕ್ಕೇ ಓಡುವಾಗ ಎಲ್ಲ ಇಂಜಿನ್ನೂ ಗಟ್ಟಿಮುಟ್ಟೇ. ಕಾದ ಮೇಲೆ, ನಿಧಾನವಾಗಿ ತಿರುಗೋವಾಗ ನೋಡಬೇಕು ಬಂಡವಾಳ.”

ಆದರೂ ಅವರು ಮೂಗನ್ನೊಂದೇ ನಂಬಲಿಲ್ಲ. ದೀಪವೇ ಸುಳ್ಳು ಹೇಳುತ್ತಿರಬಹುದು, ಮೊದಲು ಅಳೆಯಬೇಕು ಎಂದರು. ಸ್ವಿಚ್ಚನ್ನು ಬಿಚ್ಚಿ ಆ ಜಾಗಕ್ಕೆ ಹಿತ್ತಾಳೆಯ ಕೊಳವೆಯೊಂದನ್ನು ತಿರುಚಿ, ಅದರ ತುದಿಗೆ ಗಡಿಯಾರದಂಥ ಮಾಪಕವನ್ನು ಸೇರಿಸಿದರು. ಸ್ವಿಚ್ಚನ್ನು ಕೈಯಲ್ಲಿ ಹಿಡಿದಾಗ ಅದರ ತಲೆಯ ಮೇಲಿನ ಹೊಸ ಗೀರುಗಳು ಅವರ ಕಣ್ಣಿಗೆ ಬಿದ್ದವು.

“ಇದಕ್ಕೆ ಯಾರು ಕೈ ಹಾಕಿದ್ದರು?”

“ನಾನೇ. ದೀಪ ಹತ್ತದಿರಲಿ ಅಂತ ತಂತಿ ಕಿತ್ತಿದ್ದೆ.”

ತಾತ ಗಟ್ಟಿಯಾಗಿ ನಗಲಿಲ್ಲ. “ಜ್ವರ ಬಂದೋರ ಮನೇಲಿ ಥರ್ಮಾಮೀಟರ್ ಒಡೆದ ಹಾಗಾಯ್ತು” ಎಂದಷ್ಟೇ ಹೇಳಿ, ಎಂಜಿನ್ನು ಕಾಯುವವರೆಗೆ ಕಾದರು. ಕಾದು ನಿಧಾನವಾಗಿ ತಿರುಗುವಾಗ ಮುಳ್ಳು ಐದರ ಆಸುಪಾಸಿನಲ್ಲಿ ನಡುಗುತ್ತಿತ್ತು. ಚದರ ಅಂಗುಲಕ್ಕೆ ಐದು ಪೌಂಡು. ದೀಪ ಸುಳ್ಳು ಹೇಳಿರಲಿಲ್ಲ.

ಪೊರೆ ಸಿಕ್ಕಲು ಹನ್ನೆರಡು ದಿನ ಹಿಡಿಯಿತು. ಅಷ್ಟು ದಿನ ಕಾರು ತಾತನ ಅಂಗಳದಲ್ಲೇ ಇತ್ತು. ಮುಂದಿನ ಭಾನುವಾರ ಕಳೆದು ಅದರಾಚೆಯ ಭಾನುವಾರ ಹಳೆಯ ಪೊರೆಯನ್ನು ತೆಗೆದು ತೋರಿಸಿದರು. ಉಗುರಿನಷ್ಟು ಉದ್ದದ ಸೀಳು. ಇದಕ್ಕಾಗಿ ನಾನು ಇಡೀ ಎಂಜಿನ್ನನ್ನು ಇಳಿಸಲಿದ್ದೆ. ಅದೂ ಹೊಸ ಬೇರಿಂಗು ಹಾಕಿಸಿ, ಹರಿದ ಪೊರೆಯನ್ನು ಹಾಗೆಯೇ ಬಿಟ್ಟು! ಕೆಟ್ಟ ಎಣ್ಣೆಯನ್ನೆಲ್ಲ ಬಸಿದು, ಸೋಸುಕವನ್ನು ಬದಲಿಸಿ, ಸುಮಾರು ನಾಲ್ಕು ಲೀಟರು ಹೊಸ ಎಣ್ಣೆ ಹಾಕಿದರು. ಇನ್ನೂ ದಪ್ಪನೆಯ ಎಣ್ಣೆ ಹಾಕಿದರೆ ಒತ್ತಡ ಮತ್ತಷ್ಟು ಏರುವುದಿಲ್ಲವೇ ಎಂದು ನಾನು ಜಾಣತನ ತೋರಿಸಿದೆ. “ಮುಳ್ಳು ಏರುತ್ತೆ. ಬೆಳಿಗ್ಗೆ ತಣ್ಣಗಿರುವಾಗ ಆ ಗಂಜಿ ಬೇರಿಂಗಿಗೆ ಮುಟ್ಟೋದು ತಡವಾಗುತ್ತೆ. ಅದೂ ತಂತಿ ಕಿತ್ತ ಹಾಗೇ” ಎಂದರು.

ಮತ್ತೆ ಕಾಯಿಸಿ ನೋಡಿದಾಗ ಮುಳ್ಳು ಹದಿನೈದಕ್ಕೆ ಬಂದು ಅಲುಗದೆ ನಿಂತಿತು. ಸ್ವಲ್ಪ ವೇಗ ಕೊಟ್ಟರೆ ನಲವತ್ತು. “ಬೇರಿಂಗೂ ಸ್ವಲ್ಪ ಸವೆದಿದೆ, ಇಲ್ಲ ಅನ್ನಲ್ಲ. ಆದರೆ ಈ ವಯಸ್ಸಿಗೆ ಹದಿನೈದು ಸಾಕು. ಓಡಿಸಿ” ಎಂದು ತಾತ ಟಯರಿನ ಮೇಲಿಂದ ಎದ್ದರು. ಕೂಲಿಯೆಂದು ಕೊಟ್ಟದ್ದರಲ್ಲಿ ಅರ್ಧವನ್ನು ಹಿಂದಕ್ಕೆ ಕೊಟ್ಟು, “ಹುಡುಗನಿಗೆ ಆ ಸಂಧಿ ಗಿಂದಿ ಸ್ವಲ್ಪ ಬಿಡಿಸಿ ಹೇಳಿಕೊಡಿ” ಎಂದರು. ಸಂಧಿ ಬಿಡಿಸುವ ವಿದ್ಯೆಯಲ್ಲಿ ಅವರೇ ನನಗಿಂತ ದೊಡ್ಡವರು ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ಮರುವಾರ ಕೋಟೆಗೆ ಹೋದೆ. ಅತ್ತೆ ಫ್ಲಾಸ್ಕು ಹಿಡಿದು ಬಂದು ಕುಳಿತರು. ಕೈ ತಿರುಗಿಸಿ ಒಂದು ಗಳಿಗೆ ಸುಮ್ಮನಿದ್ದೆ. ದೀಪ ಹತ್ತಿತು. ಎಂಜಿನ್ನು ಎದ್ದಿತು, ದೀಪ ಆರಿತು.

“ಅತ್ತೆ, ಅವತ್ತು ಬಲ್ಬು ಹೋಗಿರಲಿಲ್ಲ. ತಂತಿ ನಾನೇ ಕಿತ್ತಿದ್ದೆ” ಎಂದೆ.

“ನನಗೆ ಗೊತ್ತಿತ್ತು ಬಿಡು” ಎಂದರು ಅತ್ತೆ, ಸೆರಗು ಸರಿಮಾಡಿಕೊಳ್ಳುತ್ತ. “ಬಲ್ಬು ಹೋಗಿದ್ದರೆ ನೀನು ನನ್ನ ಮುಖ ನೋಡಿ ಹೇಳ್ತಿದ್ದೆ. ಈಗ ಹೊರಡು, ಡಾಕ್ಟರು ಕಾಯ್ತಾರೆ.”

ಮೈಸೂರು ಹತ್ತಿರ ಬಂದಂತೆ ಬಿಸಿಲೇರಿತ್ತು. ದೊಡ್ಡ ಕೂಡುರಸ್ತೆಯೊಂದರಲ್ಲಿ ಕೆಂಪು ದೀಪ ಬಿದ್ದು ಬಹಳ ಹೊತ್ತು ನಿಲ್ಲಬೇಕಾಯಿತು. ಕಾದ ಎಂಜಿನ್ನು ನಿಂತಲ್ಲೇ ಮೆಲ್ಲಗೆ ತಿರುಗುತ್ತಿತ್ತು. ನಾನು ಹಲಗೆಯ ಕಡೆ ನೋಡಿದೆ. ಅತ್ತೆಯೂ ತಮ್ಮ ಒಂದು ಕಣ್ಣಿನಿಂದ ಅದನ್ನೇ ನೋಡುತ್ತಿದ್ದರು.