ಸೌಟು ಹಿಡಿದ ಕೈಯಲ್ಲಿ ಲೇಖನಿ

ಕಥಾನಾಯಕಿ ಅರಸೀಕೆರೆಯ ರೈಲು ನಿಲ್ದಾಣದಲ್ಲಿ ಬುಧವಾರದಿಂದಲೂ ಕುಳಿತೇ ಇದ್ದಾಳೆ. ಪಕ್ಕದಲ್ಲಿ ಒಂದು ಟ್ರಂಕು. ತೊಡೆಯ ಮೇಲೆ ನಿದ್ದೆಹೋದ ಮಗು. ಎರಡು ಗಾಡಿಗಳು ಬರುವ ಹೊತ್ತಾಗಿದೆ. ಒಂದು ಗಂಡನ ಮನೆಯ ಕಡೆಗೆ ಹೋಗುವುದು, ಇನ್ನೊಂದು ತವರಿನ ಕಡೆಗೆ. ಯಾವುದನ್ನು ಹತ್ತಬೇಕೆಂದು ಅವಳು ನಿರ್ಧರಿಸುವಷ್ಟರಲ್ಲಿ, ಅವಳನ್ನು ಸೃಷ್ಟಿಸಿದ ಗೃಹಿಣಿಗೆ ಅಡಿಗೆಮನೆಯಿಂದ ಹಾಲು ಉಕ್ಕಿದ ವಾಸನೆ ಬಂದಿತು. ಅಂದು ಎದ್ದವಳು ಮತ್ತೆ ನೋಟ್‌ಪುಸ್ತಕದ ಮುಂದೆ ಕುಳಿತಿಲ್ಲ. ಮಂಗಳವಾರದ ಟಪಾಲಿಗೆ ಧಾರಾವಾಹಿಯ 11ನೆಯ ಕಂತು ಹೋಗಲೇಬೇಕು. ಈಗ ಶನಿವಾರ.

ಆ ಗೃಹಿಣಿಯ ಮನೆ ಇರುವುದು ಮೈಸೂರಿನಲ್ಲಿ. ಗಂಡ, ಮೂವರು ಮಕ್ಕಳು, ಕಣ್ಣು ಮಂಜಾದ ಅತ್ತೆ. ಹಬ್ಬಹರಿದಿನಗಳಲ್ಲಿ ಬಂದುಹೋಗುವ ನಾದಿನಿಯರು. ಬೆಳಿಗ್ಗೆ ಐದರಿಂದ ಒಂಬತ್ತೂವರೆಯವರೆಗೆ ಆ ಮನೆಯಲ್ಲಿ ಕಥೆಗೆ ಪ್ರವೇಶವಿಲ್ಲ. ಒಬ್ಬನಿಗೆ ಕಾಲುಚೀಲ ಸಿಗದು, ಇನ್ನೊಬ್ಬನಿಗೆ ಉಪ್ಪಿಟ್ಟು ಸೇರದು, ಮಗಳಿಗೆ ಜಡೆ ಸರಿಬರದು. ಎಲ್ಲರೂ ಹೊರಟುಹೋದ ಮೇಲೆ ಪಾತ್ರೆ, ಬಟ್ಟೆ, ಅತ್ತೆಯವರ ಊಟ, ಔಷಧ. ಕೊನೆಗೆ ಮಧ್ಯಾಹ್ನ ಎರಡು ಗಂಟೆಗೆ ಆಕೆ ಅಕ್ಕಿಡಬ್ಬದ ಹಿಂದಿನಿಂದ ನೋಟ್‌ಪುಸ್ತಕವನ್ನು ತೆಗೆಯುತ್ತಾಳೆ. ನಾಲ್ಕು ಗಂಟೆಗೆ ಮಕ್ಕಳು ಬರುತ್ತಾರೆ. ನಡುವಿನ ಎರಡು ಗಂಟೆಗಳೂ ಆಕೆಯವೇ ಎಂದು ಯಾರಾದರೂ ತಿಳಿದರೆ, ಅವರು ಸಂಸಾರ ಮಾಡಿದವರಲ್ಲ. ಬಟ್ಟೆ ಇಸ್ತ್ರಿ ಮಾಡುವವನು ಬರುವುದು ಆಗಲೇ. ಎದುರುಮನೆಯವರು ಹೆಪ್ಪು ಕೇಳಲು ಬರುವುದೂ ಆಗಲೇ.

ಹೀಗಾಗಿ ಆಕೆ ತನ್ನದೇ ಆದ ಒಂದು ಉಪಾಯವನ್ನು ಕಂಡುಕೊಂಡಿದ್ದಾಳೆ. ಆಲೋಚನೆಗೆ ಕೈ ಬಿಡುವಾಗಿರಬೇಕಾಗಿಲ್ಲ. ಅವರೆಕಾಯಿ ಸುಲಿಯುವಾಗ, ಬಟ್ಟೆ ಮಡಿಸುವಾಗ ಸಂಭಾಷಣೆಗಳು ತಾವಾಗಿಯೇ ಹೊಳೆಯುತ್ತವೆ. ಹೊಳೆದದ್ದನ್ನು ದಿನಸಿ ಚೀಟಿಯ ಬೆನ್ನಿಗೆ ಗೀಚಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸುತ್ತಾಳೆ. ಒಮ್ಮೆ ಅಂಗಡಿಯ ಹುಡುಗ ಚೀಟಿಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, “ಅಮ್ಮಾ, ತೊಗರಿಬೇಳೆ ಎರಡು ಕಿಲೋ ಸರಿ, ಹಿಂದುಗಡೆ ‘ನಾನು ಇನ್ನೆಂದೂ ಈ ಮನೆಗೆ ಬರುವುದಿಲ್ಲ’ ಅಂತ ಬರೆದಿದೀರಲ್ಲಾ?” ಎಂದು ಗಾಬರಿಯಿಂದ ಕೇಳಿದನಂತೆ. ಇನ್ನೊಂದು ಉಪಾಯ: ವಾಕ್ಯವನ್ನು ಮುಗಿಸಿ ಏಳುವುದಿಲ್ಲ, ಅರ್ಧಕ್ಕೇ ಬಿಟ್ಟು ಏಳುತ್ತಾಳೆ. ಅರ್ಧ ವಾಕ್ಯ ಮರುದಿನ ತಾನಾಗಿಯೇ ಕೈಹಿಡಿದು ಕರೆಯುತ್ತದೆ. ವಾರಕ್ಕೆ ಎಂಟು ಪುಟ ಬೇಕು. ದಿನಕ್ಕೆ ಒಂದೂಕಾಲು ಪುಟವಾದರೂ ಸಾಗಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ಲೆಕ್ಕದ ಪ್ರಕಾರ ಮಕ್ಕಳಿಗೆ ಜ್ವರ ಬರುವುದಿಲ್ಲವಲ್ಲ!

ಗಂಡಸು ಬರೆಯಲು ಕುಳಿತರೆ ಮನೆಯೇ ಪಿಸುದನಿಗಿಳಿಯುವುದುಂಟು. “ಅಪ್ಪ ಬರೆಯುತ್ತಿದ್ದಾರೆ, ಗಲಾಟೆ ಮಾಡಬೇಡಿ” ಎಂದು ಬಾಗಿಲಲ್ಲಿ ಕಾವಲು ನಿಲ್ಲುವವಳು ತಾಯಿ. ತಾಯಿ ಬರೆಯಲು ಕುಳಿತರೆ ಆ ಕಾವಲಿಗೆ ಯಾರು? ಈ ಪ್ರಶ್ನೆ ಕನ್ನಡದ ಕಥೆಗಾರ್ತಿಯರಿಗೆ ಹೊಸದಲ್ಲ. ಕೊಡಗಿನ ಗೌರಮ್ಮನವರು ಕಥೆ ಬರೆದದ್ದು ಕಾಫಿ ತೋಟದ ನಡುವೆ ಸಂಸಾರ ಮಾಡುತ್ತ, ಮಗನನ್ನು ಬೆಳೆಸುತ್ತ. ಕಥೆಯ ಕೆಳಗೆ ಅವರು ಹಾಕುತ್ತಿದ್ದುದು ‘ಮಿಸೆಸ್ ಬಿ. ಟಿ. ಜಿ. ಕೃಷ್ಣ’ ಎಂಬ ಹೆಸರನ್ನು. ಗೃಹಿಣಿಯ ಗುರುತೇ ಕಥೆಗಾರ್ತಿಯ ಗುರುತೂ ಆಗಿತ್ತು. 1939ರಲ್ಲಿ, ತಮ್ಮ 27ನೆಯ ವಯಸ್ಸಿನಲ್ಲಿ, ಅವರು ನೀರಿನಲ್ಲಿ ಮುಳುಗಿ ತೀರಿಕೊಂಡರು. ‘ಕಂಬನಿ’ ಎಂಬ ಕಥಾಸಂಗ್ರಹ ಬೆಳಕು ಕಂಡದ್ದು ಆಮೇಲೆ.

ತ್ರಿವೇಣಿಯವರ ಮೊದಲ ಕಾದಂಬರಿ ‘ಅಪಸ್ವರ’ 1953ರಲ್ಲಿ ಬಂದಿತು. ಮುಂದಿನ ಹತ್ತು ವರ್ಷಗಳಲ್ಲಿ, ಇದೇ ಮೈಸೂರಿನಲ್ಲಿ, ಅವರು ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದರು. ಬಾಣಂತಿತನದ ನಂತರ ಮನಸ್ಸು ಕದಡಿದ ಹೆಣ್ಣೊಬ್ಬಳು ಗುಣಮುಖಳಾಗಿ ಮನೆಗೆ ಬಂದರೂ ಮನೆಯವರು ಅವಳನ್ನು ನಂಬಲಾರದೆ ಹೋಗುವ ‘ಶರಪಂಜರ’ವನ್ನು ಓದಿ ಅತ್ತವರೆಷ್ಟೋ ಮಂದಿ, 1971ರಲ್ಲಿ ಅದನ್ನು ಚಿತ್ರವಾಗಿ ನೋಡಿ ಅತ್ತವರು ಇನ್ನೆಷ್ಟೋ ಮಂದಿ. ಆದರೆ ಆ ಚಿತ್ರವನ್ನು ನೋಡಲು ತ್ರಿವೇಣಿಯವರೇ ಇರಲಿಲ್ಲ. 1963ರ ಜುಲೈ ತಿಂಗಳಲ್ಲಿ, ಮಗುವನ್ನು ಹೆತ್ತ ಕೆಲವೇ ದಿನಗಳಲ್ಲಿ, 34ನೆಯ ವಯಸ್ಸಿಗೆ ಅವರು ಕಣ್ಮುಚ್ಚಿದರು.

ಎಂ. ಕೆ. ಇಂದಿರಾ ಅವರ ದಾರಿಯೇ ಬೇರೆ. 1917ರಲ್ಲಿ ಹುಟ್ಟಿ, 12ನೆಯ ವಯಸ್ಸಿಗೇ ಮದುವೆಯಾಗಿ, ದಶಕಗಳ ಕಾಲ ಸಂಸಾರ ನಡೆಸಿ, 45 ದಾಟುವ ಹೊತ್ತಿಗೆ ಅವರು ಕಾದಂಬರಿಗೆ ಕೈಹಾಕಿದರು. ‘ತುಂಗಭದ್ರಾ’ 1963ರಲ್ಲಿ ಪ್ರಕಟವಾಯಿತು. ಡಾಕ್ಟರ್ ಅನುಪಮಾ ನಿರಂಜನ ಅವರಿಗಾದರೋ ಮನೆಯ ಜೊತೆಗೆ ರೋಗಿಗಳೂ ಇದ್ದರು. ಆದರೂ ಕಾದಂಬರಿಗಳನ್ನು ಬರೆದರು. ಮಕ್ಕಳಿಗಾಗಿ ವರ್ಷದ ಪ್ರತಿಯೊಂದು ದಿನಕ್ಕೂ ಒಂದರಂತೆ ‘ದಿನಕ್ಕೊಂದು ಕಥೆ’ಯನ್ನೂ ಬರೆದರು. ಹೀಗೆ ಒಬ್ಬರು ಅವಸರವಾಗಿ ಬರೆದರು, ಒಬ್ಬರು ಕಾದು ಬರೆದರು, ಒಬ್ಬರು ಎರಡು ಕೆಲಸಗಳ ನಡುವೆ ಬರೆದರು. ಇವರಲ್ಲಿ ಯಾರ ಹಾದಿ ತನ್ನದೆಂದು ನಮ್ಮ ಗೃಹಿಣಿಗೆ ಇನ್ನೂ ಗೊತ್ತಾಗಿಲ್ಲ. ಇಂದಿರಾ ಅವರಂತೆ ಕಾಯೋಣವೆಂದರೆ, ತ್ರಿವೇಣಿಯವರ ನೆನಪು ಬಂದು ಹೆದರಿಕೆಯಾಗುತ್ತದೆ.

ಸಂಸಾರ ಬರವಣಿಗೆಗೆ ಬರಿಯ ಅಡ್ಡಿಯೆಂದೂ ಹೇಳುವಂತಿಲ್ಲ. ಅದು ಕಥೆಯ ಕಣಜವೂ ಹೌದು. ‘ಫಣಿಯಮ್ಮ’ನ ಕಥೆಯನ್ನು ಇಂದಿರಾ ಅವರು ಹುಡುಕಿಕೊಂಡು ಹೋದದ್ದು ಗ್ರಂಥಾಲಯಕ್ಕಲ್ಲ. ಬಾಲವಿಧವೆಯಾಗಿ ಬದುಕು ಸವೆಸಿದ ಆ ಹಿರಿಯಾಕೆ ತಮ್ಮ ತಾಯಿಯ ಬಳಿ ಹೇಳಿಕೊಂಡ ಮಾತುಗಳು ಬಾಲ್ಯದಲ್ಲಿ ಅವರ ಕಿವಿಗೆ ಬಿದ್ದಿದ್ದವು. 1976ರಲ್ಲಿ ಅವು ಪುಸ್ತಕವಾದವು. ಮನೆಯೊಳಗಿನ ಹೆಂಗಸರ ಮಾತನ್ನು ಕೇಳುವ ಕಿವಿ ಮನೆಯೊಳಗೇ ಇದ್ದವರಿಗಲ್ಲದೆ ಇನ್ನಾರಿಗೆ ದೊರಕೀತು?

ಆದರೆ ಕೇಳಿದ್ದನ್ನೆಲ್ಲ ಬರೆಯಬಹುದೇ? ಒಂದು ಸಲ ನಮ್ಮ ಗೃಹಿಣಿಯ ಸಣ್ಣ ಕಥೆಯೊಂದರಲ್ಲಿ, ಗಂಡನ ಸಾಲ ತೀರಿಸಲು ಗುಟ್ಟಾಗಿ ಬಳೆ ಮಾರಿ, ಹಿತ್ತಾಳೆಯ ಬಳೆಗೆ ನೀರು ಹಾಕಿಸಿ ತೊಟ್ಟು ತಿರುಗುವ ಹೆಣ್ಣೊಬ್ಬಳು ಬಂದಳು. ಕಥೆಯನ್ನು ಮೆಚ್ಚಿ ಓದುಗರು ಕಾಗದ ಬರೆದರು. ಗೌರಿ ಹಬ್ಬಕ್ಕೆ ಬಂದ ಕಿರಿಯ ನಾದಿನಿ ಮಾತ್ರ ಬಾಗಿನ ತೆಗೆದುಕೊಳ್ಳುವಾಗ ಮೆಲ್ಲಗೆ ಹೇಳಿದಳು: “ಅತ್ತಿಗೆ, ಬಳೆಯ ವಿಚಾರ ನಾನು ನಿಮ್ಮೊಬ್ಬರಿಗೇ ಹೇಳಿದ್ದೆ.” ಅಷ್ಟೇ. ಜಗಳವಾಡಲಿಲ್ಲ. ಈಗಲೂ ಪ್ರತಿ ವರ್ಷ ಹಬ್ಬಕ್ಕೆ ಬರುತ್ತಾಳೆ, ಉಣ್ಣುತ್ತಾಳೆ, ನಗುತ್ತಾಳೆ; ಆದರೆ ಮೊದಲಿನಂತೆ ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತು ಮಾತನಾಡುವುದಿಲ್ಲ. ಆ ಕಥೆಗೆ ಬಂದ ಸಂಭಾವನೆಯಲ್ಲಿ ಆಕೆ ಮಕ್ಕಳಿಗೆ ಬಟ್ಟೆ ಕೊಂಡಿದ್ದಳು. ಆ ಬಟ್ಟೆಗಳು ಹರಿಯುವವರೆಗೂ ಅವುಗಳನ್ನು ಒಗೆಯುವಾಗಲೆಲ್ಲ ಹೊಸ್ತಿಲು ಕಣ್ಣಿಗೆ ಬೀಳುತ್ತಿತ್ತು.

ಎರಡನೆಯ ಪೆಟ್ಟು ಬಿದ್ದದ್ದು ಮಗಳಿಂದ. ಹತ್ತು ವರ್ಷದ ಹುಡುಗಿ ಶಾಲೆಯಲ್ಲಿ ‘ನನ್ನ ತಾಯಿ’ ಎಂಬ ಪ್ರಬಂಧ ಬರೆದಿದ್ದಳು. “ನನ್ನ ತಾಯಿಯವರು ಒಳ್ಳೆಯ ಅಡಿಗೆ ಮಾಡುತ್ತಾರೆ. ಅವರು ಕಥೆಗಳನ್ನೂ ಬರೆಯುತ್ತಾರೆ. ನಾನು ಏನಾದರೂ ಹೇಳಿದರೆ ಹೂಂ ಎನ್ನುತ್ತಾರೆ. ಆದರೆ ಅವರಿಗೆ ಕೇಳಿಸಿರುವುದಿಲ್ಲ.” ಉಪಾಧ್ಯಾಯಿನಿಯವರು ಒಂದು ಒತ್ತಕ್ಷರವನ್ನು ತಿದ್ದಿ ಹತ್ತಕ್ಕೆ ಎಂಟು ಅಂಕ ಕೊಟ್ಟಿದ್ದರು.

ಆ ಪುಸ್ತಕಕ್ಕೆ ತಾಯಿ ಸಹಿ ಹಾಕಬೇಕಾಗಿತ್ತು. ಹಾಕಿದಳು. ಆಮೇಲೆ ಹನ್ನೊಂದು ದಿನ ಒಂದಕ್ಷರವನ್ನೂ ಬರೆಯಲಿಲ್ಲ. ಬರೆಯದೆ ಇದ್ದರೆ ಒಳ್ಳೆಯ ತಾಯಿಯಾಗಬಹುದೆಂದು ತಿಳಿದಿದ್ದಳು. ಆದರೆ ಆ ಹನ್ನೊಂದು ದಿನಗಳಲ್ಲಿ ಸಾರಿಗೆ ಎರಡು ಸಲ ಉಪ್ಪು ಬಿದ್ದಿತು. ಮಕ್ಕಳಿಗೆ ಬೈಗುಳ ಹೆಚ್ಚಾಯಿತು. ಹನ್ನೆರಡನೆಯ ದಿನ ಮಧ್ಯಾಹ್ನ ಅತ್ತೆಯವರೇ ಕೇಳಿದರು: “ಏನಮ್ಮಾ, ಆ ಅಕ್ಕಿಡಬ್ಬದ ಹಿಂದಿನ ಪುಸ್ತಕ ಎಲ್ಲಿ ಹೋಯಿತು? ಮೊಮ್ಮಗಳು ಓದಿಹೇಳುತ್ತಿದ್ದಳು, ಈಗ ರಾತ್ರಿ ನನಗೆ ಹೊತ್ತೇ ಹೋಗುವುದಿಲ್ಲ.” ಬಿಡುವಾದಾಗ ಕದ್ದು ಬರೆದದ್ದನ್ನು ಇಬ್ಬರೂ ಕದ್ದು ಓದುತ್ತಿದ್ದರೆಂಬುದು ಆಕೆಗೆ ತಿಳಿದದ್ದೇ ಅಂದು.

ಅಂದಿನಿಂದ ಮನೆಯಲ್ಲಿ ಒಂದು ಒಪ್ಪಂದವಾಯಿತು. ಎರಡರಿಂದ ಮೂರೂವರೆಯವರೆಗೆ ಬಾಗಿಲಿಗೆ ಅತ್ತೆಯವರದೇ ಕಾವಲು. ಬಂದವರಿಗೆಲ್ಲ, “ಅವಳು ಬರೆಯುತ್ತಿದ್ದಾಳೆ, ಸಂಜೆ ಬನ್ನಿ” ಎಂದು ಗಟ್ಟಿಯಾಗಿಯೇ ಹೇಳಿಬಿಡುತ್ತಾರೆ. ಭಾನುವಾರದ ಬೆಳಗಿನ ಅಡಿಗೆ ಯಜಮಾನರದು. ಅನ್ನ ಮುದ್ದೆಯಾದರೂ ಯಾರೂ ಚಕಾರವೆತ್ತಕೂಡದು. ಇದಕ್ಕೆ ಪ್ರತಿಯಾಗಿ ಮಕ್ಕಳು ಶಾಲೆಯಿಂದ ಬಂದ ಮೇಲಿನ ಒಂದು ಗಂಟೆ ಪೂರ್ತಿ ಅವರದು. ಆಗ ನೋಟ್‌ಪುಸ್ತಕ ಮುಚ್ಚಿರಬೇಕು, ಬರಿಯ ‘ಹೂಂ’ ಕೂಡದು. ಮನೆಯವರು ನಂಬಿ ಹೇಳಿದ ಮಾತು, ಅವರ ಒಪ್ಪಿಗೆಯಿಲ್ಲದೆ ಕಥೆಯೊಳಕ್ಕೆ ಬರಕೂಡದು. ಈ ಕೊನೆಯ ನಿಬಂಧನೆಯನ್ನು ಆಕೆ ಯಾರಿಗೂ ಹೇಳಲಿಲ್ಲ. ತನಗೆ ತಾನೇ ಹಾಕಿಕೊಂಡಳು.

ಒಪ್ಪಂದಗಳೆಲ್ಲ ಜ್ವರದ ಮುಂದೆ ನಿಲ್ಲುವುದಿಲ್ಲ. ಆ ಶನಿವಾರ, ಭಾನುವಾರ ಹೇಗೋ ಕಳೆದುವು. ಸೋಮವಾರ ಸಂಜೆ ಕಿರಿಯ ಮಗನ ಮೈ ಕೆಂಡವಾಯಿತು. ಡಾಕ್ಟರು ಔಷಧ ಬರೆದುಕೊಟ್ಟರು. ರಾತ್ರಿ ಹನ್ನೊಂದಾದರೂ ಆಕೆ ಒದ್ದೆ ಬಟ್ಟೆಯನ್ನು ಹಣೆಗೆ ಹಾಕುತ್ತ, ತೆಗೆಯುತ್ತ ಕುಳಿತೇ ಇದ್ದಳು. ಕಥೆಯ ನೆನಪನ್ನು ಬೇಕೆಂದೇ ದೂರ ತಳ್ಳಿದ್ದಳು. ಆಗ ನಿದ್ದೆ ಬಾರದೆ ಎದ್ದುಬಂದ ಮಗಳು ಪಕ್ಕದಲ್ಲಿ ಕುಳಿತು ಕೇಳಿದಳು:

“ಅಮ್ಮಾ, ಅವಳು ಯಾವ ಗಾಡಿ ಹತ್ತಿದಳು?”

“ಇನ್ನೂ ಗೊತ್ತಿಲ್ಲ ಮಗಳೇ.”

“ಅವಳ ಮಗು ಎದ್ದಿತೇ?”

ತಾಯಿ ಬಟ್ಟೆ ಹಿಂಡುತ್ತಿದ್ದವಳು ನಿಲ್ಲಿಸಿ ಮಗಳ ಮುಖ ನೋಡಿದಳು. ಬುಧವಾರದಿಂದ ಆ ಮಗು ತೊಡೆಯ ಮೇಲೆ ನಿದ್ದೆಹೋಗಿತ್ತು. ಅದು ಎದ್ದರೆ ಏನು ಕೇಳೀತು ಎಂದು ಆಕೆ ಒಮ್ಮೆಯೂ ಯೋಚಿಸಿರಲಿಲ್ಲ. “ಎದ್ದರೆ ಏನು ಕೇಳುತ್ತೆ ಅನ್ನಿಸುತ್ತೆ ನಿನಗೆ?” ಎಂದಳು. ಹುಡುಗಿ ತಾಯಿಯ ಕಿವಿಯಲ್ಲಿ ಏನೋ ಹೇಳಿದಳು. ತಾಯಿ ಈ ಸಲ ಹೂಂ ಎನ್ನಲಿಲ್ಲ. ಇನ್ನೊಮ್ಮೆ ಹೇಳೆಂದು ಕೇಳಿ, ಪೂರ್ತಿ ಕೇಳಿಸಿಕೊಂಡಳು.

ಬೆಳಗಿನ ನಾಲ್ಕಕ್ಕೆ ಜ್ವರ ಬಿಟ್ಟು ಹುಡುಗನ ಹಣೆಯ ಮೇಲೆ ಬೆವರು ಮೂಡಿತು. ಅವನ ತಲೆಯನ್ನು ದಿಂಬಿಗೆ ಸರಿಸಿ ಆಕೆ ಅಡಿಗೆಮನೆಗೆ ಹೋಗಿ ದೀಪ ಹಾಕಿದಳು. ಹಾಲು ಬರುವ ಹೊತ್ತಿಗೆ ಎಂಟು ಪುಟಗಳಿಗೆ ಬದಲು ಐದೇ ಪುಟಗಳಾಗಿದ್ದವು. ಆದರೆ ಮಗು ಎದ್ದಿತ್ತು, ಕೇಳಬೇಕಾದ್ದನ್ನು ಕೇಳಿತ್ತು, ಅರಸೀಕೆರೆಯ ಬೆಂಚು ಖಾಲಿಯಾಗಿತ್ತು. ಲಕೋಟೆ ಮಂಗಳವಾರದ ಟಪಾಲಿಗೇ ಹೋಯಿತು.

ಅವಳು ಹತ್ತಿದ್ದು ಯಾವ ಗಾಡಿಯೆಂದು ಮಗಳೂ ಕೇಳಿದಳು, ಅತ್ತೆಯವರೂ ಕೇಳಿದರು. ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಗೃಹಿಣಿ ಇಬ್ಬರಿಗೂ ಒಂದೇ ಉತ್ತರ ಕೊಟ್ಟಳು: “ಪತ್ರಿಕೆ ಬರಲಿ, ಓದಿ.”